ಜಾಗ ಇಲ್ಲ ಅನ್ನುವ ಮಾತು

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ನಾಯಿ, ಬೆಕ್ಕುಗಳ ಶೆಲ್ಟರಿನ ಫೋನು ನನ್ನ ಕೈಗೆ ಬರುತ್ತದೆ. ಶೆಲ್ಟರ್ ನಡೆಸುವ ಮೇಷ್ಟ್ರು ಅದನ್ನು ನನಗೆ ಕೊಟ್ಟು, ಚಪ್ಪಲಿ ಬಿಟ್ಟು, ಗಮ್‌ಬೂಟು ಹಾಕಿಕೊಂಡು ಒಳಗೆ ಹೋಗುತ್ತಾರೆ. ಸಂಜೆ ಐದರವರೆಗೆ ಅದು ನನ್ನ ಪಾಲಿಗೆ. ಬೇರೆಯವರು ಗೂಡು ತೊಳೆಯುತ್ತಾರೆ, ಗಾಯಕ್ಕೆ ಔಷಧಿ ಹಾಕುತ್ತಾರೆ, ನಾಯಿಗಳ ಮೈಯಿಂದ ಉಣ್ಣಿ ಕೀಳುತ್ತಾರೆ. ನನ್ನ ಕೆಲಸ ಫೋನು ಎತ್ತುವುದು, ಪುಸ್ತಕದಲ್ಲಿ ಬರೆಯುವುದು. ವಾರವೆಲ್ಲ ಆಫೀಸಿನಲ್ಲಿ ಲೆಕ್ಕ ಬರೆಯುವವಳಿಗೆ ಇದು ಸುಲಭ ಅಂತ ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಆರು ವರ್ಷವಾಯಿತು. ಅಲ್ಲಿರುವ ಅಷ್ಟೂ ಕೆಲಸಗಳಲ್ಲಿ ನನಗೆ ಇದೇ ಕಷ್ಟದ್ದು. ಹತ್ತು ಫೋನು ಬಂದರೆ ಎಂಟಕ್ಕೆ ನಾನು ಹೇಳಬೇಕಾದ ಮಾತು ಒಂದೇ. ಜಾಗ ಇಲ್ಲ.

ಹೇಳುವ ಮೊದಲು ಕೇಳಿಸಿಕೊಳ್ಳಬೇಕು. "ನಮ್ಮ ಬೀದಿ ಕೊನೇಲಿ ಯಾರೋ ಮೂರು ಮರಿ ಬಿಟ್ಟು ಹೋಗಿದ್ದಾರೆ ಮೇಡಂ, ಮೂರೂ ಹೆಣ್ಣು." "ಓನರ್ ಮನೆ ಖಾಲಿ ಮಾಡಿ ಅಂದ್ರು. ಹೊಸ ಮನೇಲಿ ನಾಯಿ ಇಟ್ಕೊಳ್ಳೋ ಹಾಗಿಲ್ಲ. ಒಂಬತ್ತು ವರ್ಷದ ಲ್ಯಾಬ್ರಡಾರ್, ತುಂಬಾ ಒಳ್ಳೇದು." "ಅಪ್ಪ ಹೋಗ್ಬಿಟ್ರು. ಅವರು ಸಾಕಿದ್ದ ಬೆಕ್ಕು ಊಟ ಬಿಟ್ಟಿದೆ. ನಾನು ಬುಧವಾರ ದುಬೈಗೆ ವಾಪಸ್ ಹೋಗ್ಬೇಕು." ಇವರಲ್ಲಿ ಬಹಳ ಜನ ಕೆಟ್ಟವರಲ್ಲ. ಕೆಟ್ಟವರು ಫೋನು ಮಾಡುವುದಿಲ್ಲ, ರಾತ್ರಿ ಬಂದು ಗೇಟಿಗೆ ಕಟ್ಟಿ ಹೋಗುತ್ತಾರೆ.

ನಮ್ಮ ಜಾಗ ಮೈಸೂರಿನಿಂದ ತಿ. ನರಸೀಪುರದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಹತ್ತು ಗುಂಟೆ, ಬಾಡಿಗೆಯದು. ಹೈಸ್ಕೂಲಿನಿಂದ ರಿಟೈರ್ ಆದ ಮೇಲೆ ಮೇಷ್ಟ್ರು ಪಿಂಚಣಿ ದುಡ್ಡಿನಲ್ಲಿ ಶುರು ಮಾಡಿದ್ದು. ಈ ವಾರದ ಲೆಕ್ಕದಲ್ಲಿ 64 ನಾಯಿ, 13 ಬೆಕ್ಕು, ಒಂದು ಸೀಮೆ ಹಸುವಿನ ಗಂಡು ಕರು. ಗಂಡು ಕರುವಿನಿಂದ ಹಾಲಿಲ್ಲ, ಈಗ ಉಳುಮೆಗೂ ಬೇಕಿಲ್ಲ. ಹಾಗಾಗಿ ಹುಟ್ಟಿದ ನಾಲ್ಕೇ ದಿನಕ್ಕೆ ಅದು ರಸ್ತೆ ಪಾಲಾಗಿತ್ತು. ಈಗ ಅಡುಗೆ ಅಕ್ಕನ ಹಿಂದೆ ಹಿಂದೆ ಓಡಾಡುತ್ತದೆ.

ಅಕ್ಕ ಬೆಳಿಗ್ಗೆ ಐದಕ್ಕೆ ಸೌದೆ ಒಲೆ ಹಚ್ಚುತ್ತಾರೆ. ದೊಡ್ಡ ಪಾತ್ರೆಯಲ್ಲಿ 14 ಕಿಲೋ ನುಚ್ಚಕ್ಕಿ, ಕೋಳಿ ಅಂಗಡಿಯವರು ಹಿಂದಿನ ರಾತ್ರಿ ಎತ್ತಿಟ್ಟ ಕಾಲು, ಕತ್ತು, ಲಿವರ್. ಸಿಕ್ಕಿದರೆ ಸಿಹಿಗುಂಬಳ, ಅಗ್ಗವಾದಾಗ ಕ್ಯಾರೆಟ್. ಒಂದಿಷ್ಟು ಅರಿಶಿನ. ಈರುಳ್ಳಿ ಮಾತ್ರ ಒಂದು ಚೂರೂ ಬೀಳಬಾರದು. ಅದು ನಾಯಿಯ ರಕ್ತದ ಕೆಂಪು ಕಣಗಳನ್ನೇ ಒಡೆದು ಹಾಕುತ್ತದೆ. ಮದುವೆ ಮನೆಯಲ್ಲಿ ಮಿಕ್ಕ ಬಿರಿಯಾನಿ, ಪಲಾವು ತಂದುಕೊಡುವವರಿಗೆ ಇದನ್ನು ಹೇಳಿದಾಗ ಅವರ ಮುಖ ಸಪ್ಪಗಾಗುತ್ತದೆ. ಪ್ರೀತಿಯಿಂದ ತಂದಿರುತ್ತಾರೆ, ಅದಕ್ಕೂ ಬೇಡ ಅನ್ನಬೇಕು.

ಅನ್ನ ಆರುವ ಹೊತ್ತಿಗೆ ಸ್ವಾಧೀನ ಇಲ್ಲದ ನಾಯಿಗಳ ಕೆಲಸ ಮುಗಿದಿರಬೇಕು. ಗಾಡಿ ಹೊಡೆದು ಬೆನ್ನುಮೂಳೆ ಮುರಿದವು ಐದಿವೆ. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ತಾವಾಗಿ ಮೂತ್ರ ಮಾಡಲು ಬರುವುದಿಲ್ಲ. ಹೊಟ್ಟೆಯ ಕೆಳಗೆ ಎರಡೂ ಕೈಯಿಟ್ಟು, ಮೂತ್ರಕೋಶ ಎಲ್ಲಿದೆ ಅಂತ ಬೆರಳಲ್ಲೇ ಹುಡುಕಿ, ಮೆತ್ತಗೆ ಒತ್ತಿ ಖಾಲಿ ಮಾಡಿಸಬೇಕು. ದಿನಕ್ಕೆ ಮೂರು ಸಲ. ಒಂದು ಸಲ ತಪ್ಪಿದರೂ ಸೋಂಕು ಶುರುವಾಗಬಹುದು. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆ, ಅದಕ್ಕೆ ತಿರುಗಿಸಿ ಮಲಗಿಸಬೇಕು. ನಾಯಿ ನೋಡಿಕೊಳ್ಳುವ ಹುಡುಗ ಇದನ್ನು ಮಾಡುವುದು ನೋಡಬೇಕು ನೀವು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವನ ಕೈ ತಾಗಿದರೆ ಸಾಕು, ನಾಯಿ ಉಸಿರು ಬಿಟ್ಟು ಸಡಿಲವಾಗುತ್ತದೆ. ನಾನು ಆರು ವರ್ಷದಲ್ಲಿ ಕಲಿತರೂ ನನ್ನ ಕೈಗೆ ಅದು ಬಂದಿಲ್ಲ.

ಇದೆಲ್ಲ ಆದ ಮೇಲೆ ಊಟ. ಜಗಳ ಆಡುವವು ಬೇರೆ ಬೇರೆ, ಮುದಿ ನಾಯಿಗಳಿಗೆ ಮೊದಲು. 64 ತಟ್ಟೆ ಹೋಗುವವರೆಗೆ ಮೇಷ್ಟ್ರು ಕಾಫಿ ಕುಡಿಯುವುದಿಲ್ಲ.

ಒಮ್ಮೆ ಯಾಕೆ ಸಾರ್ ಹೀಗೆ ಅಂತ ಕೇಳಿದ್ದಕ್ಕೆ ಅವರು ಆತಕೂರಿನ ಕಲ್ಲಿನ ಕತೆ ಹೇಳಿದರು. ಅವರು ಇತಿಹಾಸದ ಮೇಷ್ಟ್ರು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲು ಅದು. ಕ್ರಿ.ಶ. 949-50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನುವ ವೀರನಿಗೆ ದೊರೆ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಅಂತ ಕಲ್ಲಿನಲ್ಲೇ ಬರೆಸಿದ್ದಾರೆ. "ಸತ್ತ ನಾಯಿ ಕಲ್ಲಿಗೇ ಅಷ್ಟು ಕಟ್ಟುಪಾಡು ಇತ್ತು ಕಣಮ್ಮ ಇದೇ ಸೀಮೇಲಿ," ಅಂದರು ಮೇಷ್ಟ್ರು. "ಇವು ಬದುಕಿರೋವು." ಅಷ್ಟು ಹೇಳಿ ಮುಂದಿನ ತಟ್ಟೆ ಎತ್ತಿಕೊಂಡರು.

ನಮ್ಮದು ಕೊಲ್ಲದ ಶೆಲ್ಟರ್. ಆ ಮಾತು ಅಮೆರಿಕದ ಕಡೆಯಿಂದ ಬಂದದ್ದು. ಅಲ್ಲಿ ಬಹಳ ಊರುಗಳಲ್ಲಿ ಶೆಲ್ಟರಿಗೆ ಬಂದ ಪ್ರಾಣಿಯನ್ನು ಕೆಲವು ದಿನ ಇಟ್ಟುಕೊಂಡು, ಯಾರೂ ಕರೆದುಕೊಂಡು ಹೋಗದಿದ್ದರೆ, ಜಾಗ ಸಾಲದೆ ಇಂಜೆಕ್ಷನ್ ಕೊಟ್ಟು ಕೊಲ್ಲುತ್ತಿದ್ದರು. ಅದನ್ನು ನಿಲ್ಲಿಸಬೇಕು ಅಂತ ಹೊರಟವರು ಆ ಹೆಸರಿಟ್ಟರು. ಬಂದ ನೂರರಲ್ಲಿ ತೊಂಬತ್ತಾದರೂ ಜೀವಂತ ಹೊರಗೆ ಹೋಗಬೇಕು ಅನ್ನುವುದು ಅಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆ.

ನಮ್ಮಲ್ಲಿ ಆ ದಾರಿಯನ್ನು ಕಾನೂನೇ ಮುಚ್ಚಿದೆ. ಆದರೆ ಮೊದಲಿನಿಂದಲೂ ಹೀಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಊರಿನಲ್ಲಿ ವರ್ಷಕ್ಕೊಂದು ಸಲ ಬೆಳಗಿನ ಜಾವ ವಿಷ ಹಾಕಿದ ಮಾಂಸ ಎಸೆದು ಹೋಗುತ್ತಿದ್ದರು. ಏಳು ಗಂಟೆಗೆ ಹಾಲು ತರಲು ಹೋದರೆ ಬೀದಿಯಲ್ಲಿ ನಾಯಿಗಳು ಕಾಲು ಸೆಟೆದು ಬಿದ್ದಿರುತ್ತಿದ್ದವು. ನಮ್ಮ ಮನೆ ಜಗಲಿ ಮೇಲೆ ಮಲಗುತ್ತಿದ್ದ ಕೆಂಚನೂ ಹಾಗೇ ಹೋದ. ಯಾರೂ ಕೆಟ್ಟ ಕೆಲಸ ಅಂತ ಮಾತಾಡಿದ್ದು ನೆನಪಿಲ್ಲ. ಗಾಡಿ ಬಂದು ಎತ್ತಿಕೊಂಡು ಹೋಯಿತು. ಅಮ್ಮ ಜಗಲಿ ತೊಳೆದರು.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾಯ್ದೆ ಬಂದದ್ದು 1960ರಲ್ಲಿ. ಅದರ ಹಿಂದೆ ನಿಂತವರು ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ಹೋದವರು ಅಲ್ಲಿ ಪ್ರಾಣಿಗಳ ಪರವಾಗಿ ಮಸೂದೆ ಮಂಡಿಸಿದರು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಶುರುವಾದಾಗ ಅವರೇ ಮೊದಲ ಅಧ್ಯಕ್ಷೆ. ಆದರೂ ಬೀದಿನಾಯಿಗಳನ್ನು ಕೊಲ್ಲುವುದು ನಡೆದೇ ಇತ್ತು. ಕೊಂದಷ್ಟೂ ಮತ್ತೆ ಹುಟ್ಟುತ್ತಿದ್ದವು. ಬದಲಿಗೆ ಮರಿ ಹಾಕದ ಹಾಗೆ ಆಪರೇಷನ್ ಮಾಡಿ ಬಿಡಿ ಅಂತ ಚೆನ್ನೈನ ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್‌ನವರು 1964ರಿಂದಲೇ ಹೇಳುತ್ತಾ ಬಂದಿದ್ದರು. 2001ರಲ್ಲಿ ಅದೇ ದೇಶದ ನಿಯಮವಾಯಿತು. 2023ರಲ್ಲಿ ಹೊಸ ಎಬಿಸಿ, ಅಂದರೆ ಪ್ರಾಣಿಗಳ ಸಂತಾನ ನಿಯಂತ್ರಣದ ನಿಯಮ ಬಂತು. ಹಿಡಿ, ಆಪರೇಷನ್ ಮಾಡು, ರೇಬೀಸ್ ಲಸಿಕೆ ಹಾಕು, ಗುರುತಿಗೆ ಕಿವಿಯ ತುದಿ ಕತ್ತರಿಸು, ಹಿಡಿದ ಜಾಗದಲ್ಲೇ ಬಿಡು. ಅದರ ಸಾರ ಇಷ್ಟೇ.

ಹಾಗಾಗಿ ನಮ್ಮಂಥ ಶೆಲ್ಟರಿನಲ್ಲಿ ಕೊಲ್ಲುವುದಿಲ್ಲ ಅನ್ನುವುದು ದೊಡ್ಡ ಮಾತಲ್ಲ. ಅದರ ಲೆಕ್ಕ ದೊಡ್ಡದು. ಒಂದು ನಾಯಿ ಒಳಗೆ ಬಂತು, ಯಾರೂ ಕರೆದುಕೊಂಡು ಹೋಗಲಿಲ್ಲ ಅಂದರೆ ಅದು ಸಾಯುವವರೆಗೂ ನಮ್ಮದು. ಹತ್ತು ವರ್ಷ, ಹನ್ನೆರಡು ವರ್ಷ. ಫೋನಿನಲ್ಲಿ ನಾನು ತರಲಿ ಬಿಡಿ ಅಂದರೆ ಹನ್ನೆರಡು ವರ್ಷದ ಅನ್ನ, ಲಸಿಕೆ, ಮುದಿ ವಯಸ್ಸಿನ ಕಿಡ್ನಿ ತೊಂದರೆ, ರಾತ್ರಿ ಎರಡು ಗಂಟೆಯ ಡ್ರಿಪ್ಪು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡ ಹಾಗೆ. ಒಪ್ಪುವವಳು ನಾನು, ಮಾಡುವವರು ಅಕ್ಕ ಮತ್ತು ಆ ಹುಡುಗ.

ಇದು ನನಗೆ ಮೊದಲೇ ಅರ್ಥವಾಗಿರಲಿಲ್ಲ. ಅರ್ಥವಾದ ರೀತಿಯನ್ನು ಹೇಳಲೇಬೇಕು.

ನಮ್ಮ ಕಡೆ ಬೀದಿನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಕಾರ್ತಿಕದ ಸುಮಾರಿಗೆ. 63 ದಿನ ಸೇರಿಸಿ. ಸಂಕ್ರಾಂತಿ ಹೊತ್ತಿಗೆ ಎಲ್ಲಿ ನೋಡಿದರೂ ಮರಿ. ನಾಲ್ಕು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಭಾನುವಾರ, ಕಾಲೇಜು ಹುಡುಗನೊಬ್ಬ ಸ್ಕೂಟರಿನ ಮುಂದೆ ರಟ್ಟಿನ ಡಬ್ಬ ಇಟ್ಟುಕೊಂಡು ಬಂದ. ಒಳಗೆ ಐದು ಮರಿ, ಆರು ವಾರದವು. ಬೆಳಿಗ್ಗೆ ಅವನು ಫೋನು ಮಾಡಿದಾಗ ಜಾಗ ಇಲ್ಲ ಅಂದಿದ್ದೆ. ಆದರೂ ತಂದಿದ್ದ. ಮನೆಯಲ್ಲಿ ಬೈತಾರೆ ಅಕ್ಕ, ಎಲ್ಲಿಗೆ ಒಯ್ಯಲಿ ಅಂತ ಕಣ್ಣಲ್ಲಿ ನೀರು ಹಾಕಿಕೊಂಡ.

ಹೊಸದಾಗಿ ಬಂದ ಮರಿಗಳನ್ನು ಎರಡು ವಾರ ಗೇಟಿನ ಹತ್ತಿರದ ಬೇರೆ ಕೋಣೆಯಲ್ಲಿ ಇಡಬೇಕು. ಇದು ನಮ್ಮ ಕಟ್ಟಳೆ. ಅವತ್ತು ಆ ಕೋಣೆಯಲ್ಲಿ ಡಿಸ್ಟೆಂಪರ್ ಅನ್ನುವ ಅಂಟುರೋಗ ಬಂದ ನಾಯಿ ಇತ್ತು. ಮೇಷ್ಟ್ರು ಊರಿಗೆ ಹೋಗಿದ್ದರು. ಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ಕುಂಯ್‌ಗುಡುತ್ತಿದ್ದವು. ಒಂದು ರಾತ್ರಿ ಮಟ್ಟಿಗೆ ಅಂತ ಹೇಳಿ, ಒಳಗಿನ ಮರಿಗಳ ಕೋಣೆಗೆ ಬಿಟ್ಟೆ. ಅಲ್ಲಿ ಮೊದಲೇ ನಾಲ್ಕು ಮರಿ ಇದ್ದವು. ಅವಕ್ಕೆ ಒಂದೇ ಡೋಸ್ ಲಸಿಕೆ ಆಗಿತ್ತು. ಮರಿಗಳಿಗೆ ಆರು ವಾರದಿಂದ ಶುರು ಮಾಡಿ ನಾಲ್ಕು ತಿಂಗಳಾಗುವವರೆಗೆ ಮತ್ತೆ ಮತ್ತೆ ಲಸಿಕೆ ಹಾಕಬೇಕು. ತಾಯಿಯಿಂದ ಬಂದ ರಕ್ಷಣೆ ಇಳಿದಿರುತ್ತದೆ, ಲಸಿಕೆಯ ರಕ್ಷಣೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಆ ನಡುವಿನ ದಿನಗಳಲ್ಲಿ ಮರಿಗೆ ಯಾರೂ ದಿಕ್ಕಿಲ್ಲ.

ನಾಲ್ಕನೇ ದಿನ ಒಂದು ಮರಿ ಊಟ ಬಿಟ್ಟಿತು. ಸಂಜೆಗೆ ವಾಂತಿ. ರಾತ್ರಿ ರಕ್ತದ ಭೇದಿ. ಪಾರ್ವೋ ಅನ್ನುವ ಕರುಳಿನ ಅಂಟುರೋಗ ಬಂದ ಮರಿಯ ಭೇದಿಗೆ ಒಂದು ವಾಸನೆ ಇದೆ. ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಮರೆಯುವುದಿಲ್ಲ. ನಾಯಿ ನೋಡಿಕೊಳ್ಳುವ ಹುಡುಗ ನನಗೆ ಫೋನು ಮಾಡಿ ಬೇರೇನೂ ಹೇಳಲಿಲ್ಲ. "ಅಕ್ಕ, ವಾಸನೆ ಬರ್ತಿದೆ," ಅಂದ.

ಆಫೀಸಿಗೆ ರಜೆ ಹಾಕಿ ಎಂಟು ದಿನ ಅಲ್ಲೇ ಇದ್ದೆ. ಪಾರ್ವೋ ವೈರಸ್ಸಿಗೆ ನೇರವಾದ ಔಷಧಿ ಇಲ್ಲ. ಡ್ರಿಪ್ಪು ಹಾಕಿ ನೀರಿನಂಶ ಉಳಿಸಬೇಕು, ವಾಂತಿ ನಿಲ್ಲಿಸಬೇಕು, ಬೇರೆ ಸೋಂಕು ಹತ್ತದ ಹಾಗೆ ಆಂಟಿಬಯೋಟಿಕ್ ಕೊಡಬೇಕು, ಬೆಚ್ಚಗಿಡಬೇಕು. ಆಮೇಲೆ ಕಾಯಬೇಕು. ಬೆರಳಿನಷ್ಟು ದಪ್ಪದ ಮುಂಗಾಲಿನಲ್ಲಿ ನರ ಹುಡುಕಿ ಸೂಜಿ ಹಾಕುವಾಗ ಡಾಕ್ಟರ ಕೈಯೂ ನಡುಗುತ್ತಿತ್ತು. ತಂದ ಐದರಲ್ಲಿ ನಾಲ್ಕು ಹೋದವು. ಮೊದಲೇ ಇದ್ದ ನಾಲ್ಕರಲ್ಲಿ ಮೂರು ಹೋದವು. ಒಟ್ಟು ಏಳು. ಆ ಮೂರಕ್ಕೆ ಆವತ್ತಿನವರೆಗೂ ಏನೂ ಆಗಿರಲಿಲ್ಲ. ಇನ್ನು ಎರಡೇ ವಾರಕ್ಕೆ ಒಂದನ್ನು ಕರೆದುಕೊಂಡು ಹೋಗಲು ಮನೆಯವರೂ ಸಿಕ್ಕಿದ್ದರು.

ಮೇಷ್ಟ್ರು ಬೈಯಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ, ಏಳನ್ನೂ ಅವರೇ ಮಣ್ಣು ಮಾಡಿದರು. ಪುಸ್ತಕದಲ್ಲಿ ಏಳು ಸಾಲು ಬರೆದರು. ಹೆಸರಿಲ್ಲದವಕ್ಕೆ ಹೆಸರಿಟ್ಟು ಬರೆದರು. ಮುಂದಿನ ಭಾನುವಾರ ನಾನು ಫೋನು ಬೇಡ ಸಾರ್, ಬೇರೆ ಯಾರಿಗಾದ್ರೂ ಕೊಡಿ ಅಂದೆ. "ನಿನ್ ಹತ್ರಾನೇ ಇರ್ಲಿ ಕಣಮ್ಮ," ಅಂದರು. ನನ್ನ ಕೈಗಿಟ್ಟು ಒಳಗೆ ಹೋದರು.

ನೆಲ, ಗೋಡೆಯನ್ನೆಲ್ಲ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದೆವು. ಆದರೆ ಅಂಗಳದ ಮಣ್ಣನ್ನು ತೊಳೆಯಲು ಆಗುವುದಿಲ್ಲ. ಮಣ್ಣಿನಲ್ಲಿ ಆ ವೈರಸ್ಸು ತಿಂಗಳುಗಟ್ಟಲೆ ಕಾದಿರುತ್ತದೆ. ಆ ಇಡೀ ವರ್ಷ ಒಂದೂ ಮರಿ ತೆಗೆದುಕೊಳ್ಳಲಿಲ್ಲ. ಆ ವರ್ಷ ಎಷ್ಟು ಸಲ ಜಾಗ ಇಲ್ಲ ಅಂದೆನೋ. ಅದು ತಪ್ಪಿಸಿಕೊಳ್ಳುವ ಮಾತು ಅಂತ ನನಗೆ ಅನ್ನಿಸದೇ ಇದ್ದದ್ದು ಅದೇ ಮೊದಲು.

ಉಳಿದ ಎರಡು ಮರಿಗೆ ಅಕ್ಕ ಎಳ್ಳು, ಬೆಲ್ಲ ಅಂತ ಹೆಸರಿಟ್ಟರು. ಬೆಲ್ಲ ಗಂಡು, ಕಂದು ಬಣ್ಣ, ಎರಡೇ ತಿಂಗಳಿಗೆ ಮನೆ ಸಿಕ್ಕಿತು. ಎಳ್ಳು ಹೆಣ್ಣು, ಮೈಯೆಲ್ಲ ಕಪ್ಪು. ಇನ್ನೂ ನಮ್ಮಲ್ಲೇ ಇದ್ದಾಳೆ.

ಹೆಣ್ಣು ಮರಿಯ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಗೋಣಿಚೀಲದಲ್ಲಿ ಬಿಟ್ಟು ಹೋದ ಮರಿಗಳಲ್ಲಿ ಗಂಡು ಸಿಗುವುದು ಅಪರೂಪ. ಗಂಡನ್ನು ಆರಿಸಿ ಮನೆಯಲ್ಲಿ ಇಟ್ಟುಕೊಂಡು ಉಳಿದವನ್ನು ತಂದು ಎಸೆದಿರುತ್ತಾರೆ. ದತ್ತು ಕೇಳಿಕೊಂಡು ಬರುವವರ ಮೊದಲ ಪ್ರಶ್ನೆಯೂ ಗಂಡಾ ಅಂತಲೇ. ಹೆಣ್ಣಾದರೆ ಮರಿ ಹಾಕುತ್ತದೆ ಅನ್ನುವ ಭಯ. ಆಪರೇಷನ್ ಮಾಡಿಸಿದರೆ ಆ ಭಯವೇ ಇಲ್ಲ, ನಾವೇ ಮಾಡಿಸಿಕೊಡುತ್ತೇವೆ ಅಂದರೂ ಮುಖ ತಿರುಗಿಸುತ್ತಾರೆ. ಇದನ್ನು ಎಷ್ಟು ನೋಡಿದರೂ ನನಗೆ ಅಭ್ಯಾಸವಾಗಿಲ್ಲ. ನಾನು ಮೂರು ಹೆಣ್ಣುಮಕ್ಕಳ ಮನೆಯಲ್ಲಿ ಮೂರನೆಯವಳು.

ಈಗ ಜಾಗ ಇಲ್ಲ ಅಂದ ಮೇಲೆ ಫೋನು ಇಡುವುದಿಲ್ಲ. ಅಲ್ಲಿಂದಲೇ ಕೆಲಸ ಶುರು. ಏನಾಗಿದೆ, ಎಲ್ಲಿದೆ, ಊಟ ಮಾಡುತ್ತಾ, ನಿಮ್ಮ ಗೇಟಿನೊಳಗೆ ನಾಲ್ಕು ದಿನ ಇಟ್ಟುಕೊಳ್ಳಲು ಆಗುತ್ತಾ? ಮಳೆಗಾಲದಲ್ಲಿ ಬರುವ ಫೋನುಗಳಲ್ಲಿ ಜಾಸ್ತಿ ಹುಳ ಬಿದ್ದ ಗಾಯದವು. ನೊಣ ಕೂತು ಮೊಟ್ಟೆ ಇಟ್ಟರೆ ಒಂದೆರಡು ದಿನದಲ್ಲಿ ಗಾಯದೊಳಗೆ ಹುಳ ಆಡುತ್ತಿರುತ್ತದೆ. ನೋಡಿದವರು ನಾಯಿ ಇನ್ನು ಉಳಿಯಲ್ಲ ಅಂತ ಅಳುತ್ತಾರೆ. ಆದರೆ ಬೇಗ ನೋಡಿಕೊಂಡರೆ ಬಹಳ ಸಲ ವಾಸಿಯಾಗುತ್ತದೆ. ಗಾಡಿ ಹೋಗಿ, ಹುಳ ತೆಗೆದು, ಔಷಧಿ ಹಾಕಿ, ಅಲ್ಲೇ ಬಿಟ್ಟು ಬರುತ್ತೇವೆ. ಮರುದಿನದ ಔಷಧಿಯನ್ನು ಆ ಬೀದಿಯವರೇ ಹಾಕುತ್ತಾರೆ. ಹಾಕಲು ಬರಲ್ಲ ಅಂದವರು ಮೂರನೇ ದಿನ ಫೋಟೋ ಕಳಿಸುತ್ತಾರೆ. ನಾಯಿಗೂ ಅದರ ಬೀದಿ ಬೇಕು. ಅದರ ಟೀ ಅಂಗಡಿ, ಅದರ ಮರಳಿನ ಗುಡ್ಡೆ, ಬಿಸ್ಕತ್ತು ಹಾಕುವ ಅದರ ಅಜ್ಜ. ಅದನ್ನೆಲ್ಲ ಬಿಡಿಸಿ ಇಲ್ಲಿ 64ರ ನಡುವೆ ಒಂದು ಮಾಡುವುದು ಉಪಕಾರವಾ? ಕಾಲು ಮುರಿದವು, ಕಣ್ಣು ಹೋದವು, ತೀರಾ ಮುದಿಯಾದವು, ಹೊರಗೆ ಬದುಕಲಾರದವು. ಅವಕ್ಕೆ ಮಾತ್ರ ಈ ಹತ್ತು ಗುಂಟೆ. ಹಾಗಂತ ಈಗ ನಾನು ನಂಬಿದ್ದೇನೆ.

ಕೊಲ್ಲದ ಶೆಲ್ಟರಿನಲ್ಲೂ ಸೂಜಿ ಹಾಕುವ ದಿನ ಬರುತ್ತದೆ. ವಾಸಿಯಾಗದ ಕಾಯಿಲೆ, ಉಳಿಯದ ಗಾಯ ಅಂತ ವೈದ್ಯರು ಹೇಳಿದರೆ ನಿಯಮವೂ ಒಪ್ಪುತ್ತದೆ. ಹೋದ ಆಷಾಢದಲ್ಲಿ ರಿಂಗ್ ರೋಡಿನಿಂದ ಬಂದ ನಾಯಿಗೆ ಹೊಟ್ಟೆಯಿಂದ ಕೆಳಗೆ ಏನೂ ಉಳಿದಿರಲಿಲ್ಲ. ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ಮೇಷ್ಟ್ರು ಅದರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು, ಅದು ಮಲಗುವವರೆಗೂ ಕಿವಿಯ ಹಿಂದೆ ಸವರುತ್ತಿದ್ದರು. ಬಾಲದ ತುದಿ ಎರಡು ಸಲ ಆಡಿತು ಅಂತ ಹುಡುಗ ಹೇಳಿದ. ಅದಕ್ಕೆ ಅಲ್ಲಿ ಸ್ವಾಧೀನ ಇರಲಿಲ್ಲ ಅಂತ ನನಗೆ ಗೊತ್ತು. ಅವನಿಗೂ ಗೊತ್ತು. ನಾನು ಹೌದು ಅಂದೆ.

2025ರ ಆಗಸ್ಟ್‌ನಿಂದ ಫೋನುಗಳ ಧಾಟಿ ಬದಲಾಗಿದೆ. ಆ ತಿಂಗಳ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಅಂತ ಹೇಳಿತು. 22ರಂದು ಅದನ್ನು ಬದಲಿಸಿ, ಆಪರೇಷನ್ ಮತ್ತು ಲಸಿಕೆ ಆದ ನಾಯಿಗಳನ್ನು ಅದೇ ಜಾಗದಲ್ಲಿ ಬಿಡಬಹುದು, ರೇಬೀಸ್ ಇರುವವು, ಮೇಲೆ ಬೀಳುವವು ಬೇಡ ಅಂತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿರುವ ನಾಯಿಗಳನ್ನು ತೆಗೆದು ಶೆಲ್ಟರಿನಲ್ಲಿಡಿ, ವಾಪಸ್ ಅಲ್ಲಿ ಬಿಡಬೇಡಿ ಅಂತ ಹೇಳಿತು. ಅಂದಿನಿಂದ "ಕೋರ್ಟೇ ಹೇಳಿದೆಯಲ್ಲ, ಬಂದು ತಗೊಂಡು ಹೋಗಿ" ಅನ್ನುವ ಫೋನುಗಳು. ಮಗುವಿಗೆ ನಾಯಿ ಕಚ್ಚಿದ ತಾಯಿಯೊಬ್ಬರು ಫೋನಿನಲ್ಲಿ ಅತ್ತಾಗ ನನ್ನ ಹತ್ತಿರ ವಾದ ಇರಲಿಲ್ಲ. ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದ್ರಾ, ಇಂಜೆಕ್ಷನ್ ಶುರು ಮಾಡಿದ್ರಾ, ಒಂದು ಡೋಸೂ ತಪ್ಪಿಸಬೇಡಿ ಅಂತ ಹೇಳಿದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸಲು ಆಗುವುದಿಲ್ಲ. ನಾನು ಶೆಲ್ಟರಿಗೆ ಸೇರಿದಾಗ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ ನಾಯಿ ಇಷ್ಟಾನಾ ಅಂತಲ್ಲ, ಇಂಜೆಕ್ಷನ್ ಹಾಕಿಸಿಕೊಂಡಿದ್ಯಾ ಅಂತ. ಆ ತಾಯಿಯ ಭಯ ನಿಜ. ಅದನ್ನು ಸಣ್ಣದು ಮಾಡುವ ಪ್ರಾಣಿಪ್ರಿಯರ ಮೇಲೆ ನನಗೆ ಸಿಟ್ಟಿದೆ.

ಆದರೆ ಒಂದು ಲೆಕ್ಕ ನೋಡಿ. ಬೆಂಗಳೂರಿನಲ್ಲಿ ಪಾಲಿಕೆ 2023ರಲ್ಲಿ ಎಣಿಸಿದಾಗ ಬೀದಿನಾಯಿಗಳು ಸುಮಾರು 2.79 ಲಕ್ಷ. ನಮ್ಮ ಹತ್ತು ಗುಂಟೆಯಲ್ಲಿ 64. ಈ ಲೆಕ್ಕದಲ್ಲಿ ಎಷ್ಟು ಸಾವಿರ ಶೆಲ್ಟರು ಬೇಕು, ಅಷ್ಟರಲ್ಲೂ ದಿನಕ್ಕೆ ಮೂರು ಸಲ ಹೊಟ್ಟೆ ಒತ್ತುವ ಹುಡುಗರು ಎಲ್ಲಿಂದ ಬರುತ್ತಾರೆ? ಅದೇ ಬೆಂಗಳೂರಿನಲ್ಲಿ 2019ರಲ್ಲಿ 3.10 ಲಕ್ಷ ಇತ್ತು. ನಾಲ್ಕು ವರ್ಷದಲ್ಲಿ ಆಪರೇಷನ್ ಆದ ನಾಯಿಗಳು ಅರ್ಧದಷ್ಟು ಇದ್ದದ್ದು ಶೇ 70 ದಾಟಿತು, ಒಟ್ಟು ಸಂಖ್ಯೆ ಇಳಿಯಿತು. ನಿಧಾನದ ಕೆಲಸ, ನಿಜ. ಆದರೆ ಕಣ್ಣಿಗೆ ಕಾಣುವ ಕೆಲಸ.

ಈ ವರ್ಷ ಜನವರಿಯಲ್ಲಿ ಒಂದು ಫೋನು ಬಂತು. ಮೈಸೂರಿನ ವಿಜಯನಗರದಿಂದ ಒಬ್ಬರು. ಮನೆ ಮುಂದಿನ ಮೋರಿ ಪೈಪಿನೊಳಗೆ ನಾಯಿ ನಾಲ್ಕು ಮರಿ ಹಾಕಿದೆ, ಬಂದು ತಗೊಂಡು ಹೋಗಿ. ಜಾಗ ಇಲ್ಲ ಅಂದೆ. ಶೆಲ್ಟರ್ ಅಂತ ಬೋರ್ಡು ಹಾಕಿಕೊಂಡು ಜಾಗ ಇಲ್ಲ ಅಂತೀರಲ್ಲ, ನಾಚಿಕೆ ಆಗಲ್ವಾ ಅಂದರು. ಪೈಪಿನ ಪಕ್ಕ ಒಂದು ಡಬ್ಬ ಇಡಿ, ಗೋಣಿಚೀಲ ಹಾಸಿ, ತಾಯಿಗೆ ಹೊಟ್ಟೆ ತುಂಬ ಹಾಕಿ, ಹಾಲು ಅವಳೇ ಕೊಡ್ತಾಳೆ, ಎರಡು ತಿಂಗಳಾದ ಮೇಲೆ ನಾವೇ ಬಂದು ಆಪರೇಷನ್ನಿಗೆ ಕರ್ಕೊಂಡು ಹೋಗ್ತೀವಿ ಅಂತ ಹೇಳುತ್ತಾ ಇದ್ದೆ. ಅರ್ಧಕ್ಕೇ ಫೋನು ಕಟ್ ಮಾಡಿದರು.

ರಾತ್ರಿ ಎಂಟೂವರೆಗೆ ಮೇಷ್ಟ್ರಿಗೆ ಅದೇ ನಂಬರಿನಿಂದ ಫೋನು. "ಬೆಳಿಗ್ಗೆ ಮಾತಾಡಿದ ಮೇಡಂ ಇದಾರಾ? ಗೋಣಿಚೀಲ ಹಾಕಿದೀನಿ. ಮೊಸರನ್ನ ಇಟ್ಟೆ, ತಿಂತು. ಇನ್ನೇನ್ ಮಾಡ್ಬೇಕು?"

ಆಮೇಲೆ ಪ್ರತಿ ಭಾನುವಾರ ಫೋನು ಮಾಡಿದರು. ಮರಿ ಕಣ್ಣು ಬಿಟ್ಟಿವೆ. ಮರಿ ನಡೀತಿವೆ. ಒಂದು ಕಾರಿನಡಿ ಸಿಕ್ಕಿತು. ಆವತ್ತು ಬಹಳ ಹೊತ್ತು ಮಾತಾಡಲಿಲ್ಲ ಅವರು, ಆದರೆ ಫೋನೂ ಇಡಲಿಲ್ಲ. ಒಂದು ಗಂಡನ್ನು ಇಸ್ತ್ರಿ ಅಂಗಡಿಯವರು ಕರೆದುಕೊಂಡರು, ಇನ್ನೊಂದನ್ನು ಪಕ್ಕದ ಬೀದಿಯವರು. ಉಳಿದದ್ದು ಹೆಣ್ಣು.

ಮೊನ್ನೆ ಭಾನುವಾರ ಓಮ್ನಿ ತಗೊಂಡು ಹೋದೆವು. ಪಾಲಿಕೆ ಪರವಾಗಿ ಆಪರೇಷನ್ ಮಾಡುವವರ ಹತ್ತಿರ ಹೇಳಿ ಇಟ್ಟಿದ್ದೆವು. ಹೆಣ್ಣು ಮರಿ ಅವರ ಮೆಟ್ಟಿಲ ಮೇಲೆ ಕೂತಿತ್ತು, ಕತ್ತಿಗೆ ಕೆಂಪು ಪಟ್ಟಿ. ಇದನ್ನು ಇಟ್ಟುಕೊಳ್ಳುತ್ತೇನೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಾಯಿ ಮಾತ್ರ ಹುಡುಗನ ಕೈಯಲ್ಲಿದ್ದ ಹಗ್ಗ ನೋಡಿದ್ದೇ ತಡ, ಕಾಂಪೌಂಡ್ ಹಾರಿ ಹಿಂದಿನ ಖಾಲಿ ಸೈಟಿಗೆ ನುಗ್ಗಿದಳು. ಎರಡು ಗಂಟೆ ಕಾದೆವು, ಬರಲಿಲ್ಲ. ಅವರು ಎಲ್ಲರಿಗೂ ಕಾಫಿ ಕೊಟ್ಟರು.

ಬರುವ ಭಾನುವಾರ ಬಲೆ ತಗೊಂಡು ಹೋಗುತ್ತಿದ್ದೇವೆ. ಶನಿವಾರ ರಾತ್ರಿ ಅವಳಿಗೆ ಊಟ ಹಾಕಬೇಡಿ, ಹಸಿದಿದ್ದರೆ ಹತ್ತಿರ ಬರುತ್ತಾಳೆ, ಆಪರೇಷನ್ನಿಗೂ ಹೊಟ್ಟೆ ಖಾಲಿ ಇರಬೇಕು ಅಂತ ಹೇಳಿದ್ದೇನೆ. ಸರಿ ಅಂದಿದ್ದಾರೆ. "ಆದ್ರೆ ಗೇಟ್ ಹತ್ರ ಬಂದು ನಿಂತ್ಕೊಂಡು ನೋಡ್ತಾಳೆ ಮೇಡಂ," ಅಂದರು. "ಹಾಕದೇ ಇರಕ್ಕೆ ನನ್ ಕೈಲಾಗುತ್ತೋ ಇಲ್ವೋ."